ನಡುವಿನ ಲೋಟ

ಹಾಲು ತಳ ಹಿಡಿದದ್ದು ಅವಳಿಗೆ ಗೊತ್ತಾಗಲಿಲ್ಲ. ಒಲೆಯಿಂದ ಎರಡು ಮೊಳ ದೂರದಲ್ಲಿ, ಗೆಳತಿಯ ಅಡುಗೆಮನೆಯ ಮೇಜಿಗೆ ಮೊಣಕೈ ಊರಿ, ಯಾರೋ ಅರ್ಧ ತುಂಬಿಸಿ ಬಿಟ್ಟಿದ್ದ ಪದಬಂಧವನ್ನು ನೋಡುತ್ತ ಕೂತಿದ್ದಳು. ಉರಿ ಸಣ್ಣದಿತ್ತು, ಆದ್ದರಿಂದ ಉಕ್ಕುವ ಸದ್ದೂ ಬರಲಿಲ್ಲ. ಮಹಡಿಯ ಮೇಲಿದ್ದ ಗೆಳತಿಯ ಅತ್ತೆ ಕೈಗೋಲು ಕುಟ್ಟುತ್ತ ಇಳಿದು ಬಂದು, ಸೆರಗಿನಿಂದ ಮೂಗು ಮುಚ್ಚಿಕೊಂಡು, ಒಲೆ ಆರಿಸಿ ಅವಳನ್ನೇ ನೋಡಿದರು. "ಅಯ್ಯೋ ತಾಯಿ, ಮೇಲಿನ ತನಕ ಸೀದ ವಾಸನೆ ಹೊಡೀತಿದೆ, ಪಕ್ಕದಲ್ಲೇ ಕೂತಿದ್ದೀಯಲ್ಲ! ಮೂಗು ಊರಲ್ಲೇ ಬಿಟ್ಟು ಬಂದ್ಯಾ?" ತಮಾಷೆಗೇ ಹೇಳಿದ ಮಾತು. ಆದರೂ ಅವಳ ಕಿವಿಯ ತುದಿ ಬಿಸಿಯಾಯಿತು. "ನೆಗಡಿ ಅತ್ತೆ, ಪ್ರಯಾಣದಲ್ಲಿ ಗಾಳಿ ತಾಗಿತು" ಎಂದಳು. ಅನ್ನುವಾಗಲೇ ಒಂದು ಸಲ ಮೂಗು ಸೇದಿಯೂ ತೋರಿಸಿದಳು. ಸುಳ್ಳಿಗೆ ಇಷ್ಟು ಸಣ್ಣ ಸಾಕ್ಷಿಯನ್ನೂ ಜೋಡಿಸುವ ತನ್ನ ಜಾಣತನ ಕಂಡು ಅವಳಿಗೇ ಹೇಸಿಗೆಯಾಯಿತು.

ನೆಗಡಿಯಲ್ಲ. ಏಳು ತಿಂಗಳ ಹಿಂದೆ ಐದು ದಿನ ಜ್ವರ ಬಂದಿತ್ತು. ಆರನೆಯ ದಿನ ಸ್ನಾನಕ್ಕೆ ಹೋದಾಗ ಸೋಪಿಗೆ ವಾಸನೆ ಇರಲಿಲ್ಲ. ಹೊಸ ಸೋಪು ಒಡೆದಳು, ಅದಕ್ಕೂ ಇರಲಿಲ್ಲ. ಒದ್ದೆ ಮೈಯಲ್ಲೇ ಅಡುಗೆಮನೆಗೆ ಹೋಗಿ ಒಂದೊಂದೇ ಡಬ್ಬಿಯ ಮುಚ್ಚಳ ತೆಗೆದು ಮೂಗು ಇಟ್ಟು ನೋಡಿದಳು. ಎಲ್ಲ ಡಬ್ಬಿಗಳೂ ಖಾಲಿ ಡಬ್ಬಿಗಳಂತಿದ್ದವು. ನಾಲಿಗೆಗೆ ಉಪ್ಪು, ಸಿಹಿ, ಹುಳಿ, ಕಹಿ ಗೊತ್ತಾಗುತ್ತಿತ್ತು, ಅಷ್ಟೇ. "ಬಂದರೂ ಬರಬಹುದು, ಬರದೆಯೂ ಇರಬಹುದು" ಎಂದು ಡಾಕ್ಟರು ಹೇಳಿ, ಆಮೇಲೆ ಅವಳ ಉದ್ಯೋಗ ಏನೆಂದು ಕೇಳಿದ್ದರು. "ಆಫೀಸು ಕೆಲಸ" ಎಂದಿದ್ದಳು. ಅವಳು ಚಹಾ ಕಂಪನಿಯೊಂದರಲ್ಲಿ ರುಚಿ ನೋಡುವವಳು. ದಿನ ಬೆಳಗಾದರೆ ಉದ್ದನೆಯ ಮೇಜಿನ ಮೇಲೆ ನಲವತ್ತು ಬಿಳಿ ಬಟ್ಟಲು. ಚಮಚದಿಂದ ಸೊರ್ರೆಂದು ಎಳೆದುಕೊಂಡು, ಬಾಯೊಳಗೆ ಒಂದು ಸುತ್ತು ಹೊರಳಿಸಿ, ಕಾಲಬಳಿಯ ತೊಟ್ಟಿಗೆ ಉಗಿದು, ಒಂದು ಮಾತು ಹೇಳಬೇಕು. ಆ ಒಂದು ಮಾತಿಗೆ ಸಂಬಳ. ಈಗ ಏಳು ತಿಂಗಳಿಂದ ಅವಳು ಪಕ್ಕದ ಸಹೋದ್ಯೋಗಿಗೆ, "ನೀವೇ ಮೊದಲು ಹೇಳಿ, ನಾನು ಹೇಳಿದರೆ ನಿಮ್ಮ ಅಭಿಪ್ರಾಯ ನನ್ನ ಕಡೆ ವಾಲುತ್ತೆ" ಅನ್ನುತ್ತಿದ್ದಳು. ಎರಡು ಮಕ್ಕಳ ತಂದೆಯಾದ ಆತ ಇದನ್ನು ದೊಡ್ಡತನವೆಂದು ತಿಳಿದು ಕೈ ಮುಗಿಯುವುದೊಂದು ಬಾಕಿ. ಬಟ್ಟಲಿನ ಮೇಲೆ ಬಾಗಿದಾಗ ಆತನ ಹುಬ್ಬು ಎಷ್ಟು ಮೇಲೇರುತ್ತದೆ, ಉಗಿಯಲು ಎಷ್ಟು ಅವಸರಪಡುತ್ತಾನೆ ಎಂಬುದನ್ನು ಅವಳು ಓದುತ್ತಾಳೆ. ಓದಿ, ಅದಕ್ಕೆ ಆತನಿಗೆ ಸಿಗದ ಪದವೊಂದನ್ನು ಕೊಡುತ್ತಾಳೆ. ಗಂಡನಿಗೂ ಹೇಳಿಲ್ಲ. ಹೇಳಿದರೆ ಆತ ಅದನ್ನು ಸರಿಪಡಿಸಲು ಹೊರಟುಬಿಡುತ್ತಾನೆ. ಸರಿಯಾಗದಿದ್ದರೆ ಸರಿಯಾಗದ ಹೆಂಡತಿಯನ್ನು ದಿನಾ ಕನಿಕರದಿಂದ ನೋಡುತ್ತಾನೆ.

"ಏನಮ್ಮಾ ಜಡ್ಜಮ್ಮಾ, ನಮ್ಮ ಅತ್ತೆ ಜೊತೆ ವಾದ ಮುಗೀತಾ? ಕೋರ್ಟು ಶುರು ಮಾಡೋಣ್ವಾ?" ಹಿತ್ತಲ ಬಾಗಿಲಲ್ಲಿ ಗೆಳತಿ ನಿಂತಿದ್ದಳು. ಮೊಣಕಾಲುದ್ದದ ರಬ್ಬರ್ ಬೂಟು, ಮೇಲಕ್ಕೆ ಕಟ್ಟಿದ ಕೂದಲು, ಕೊರಳಲ್ಲಿ ಸರದಂತೆ ನೇತಾಡುವ ಉಷ್ಣಮಾಪಕ. ಕಾಲೇಜಿನಲ್ಲಿ ಎಲ್ಲಿಗೆ ಹೋದರೂ ನಾಲ್ಕು ಹೆಜ್ಜೆ ಮುಂದೆ ನಡೆಯುತ್ತಿದ್ದಳೆಂದು ಇವಳು ಅವಳಿಗೆ ದಳವಾಯಿ ಎಂದು ಹೆಸರಿಟ್ಟಿದ್ದಳು. ದಳವಾಯಿ ಇವಳಿಗೆ ಜಡ್ಜಮ್ಮ ಎಂದಳು. ಇಪ್ಪತ್ತೆರಡು ವರ್ಷವಾದರೂ ಇಬ್ಬರಿಗೂ ಬೇರೆ ಹೆಸರು ಬಾಯಿಗೆ ಬರುವುದಿಲ್ಲ. "ಹಾಲು ಸೀದದ್ದು ಗೊತ್ತಾಗಲಿಲ್ಲವಂತೆ ನಿನ್ನ ಜಡ್ಜಿಗೆ" ಎಂದು ಅತ್ತೆ ದೂರು ಹೇಳಿದರು. ದಳವಾಯಿ ಜೋರಾಗಿ ನಕ್ಕಳು. "ಅತ್ತೇ, ಅವಳ ಮೂಗು ನಿಮ್ಮ ಹಾಲಿಗೆಲ್ಲ ಕೆಲಸ ಮಾಡಲ್ಲ. ದೊಡ್ಡ ಕೇಸು ಇದ್ದರೆ ಮಾತ್ರ." ಅತ್ತೆ ಪಾತ್ರೆಗೆ ನೀರು ಬಿಡುತ್ತ, "ನಿನ್ನ ಆ ಗಂಜಿ ಕುದಿಸೋ ಕೇಸು ತಾನೆ? ಕುಡಿದು ಇಲ್ಲೇ ಬಿದ್ದಿರಿ, ಮಹಡಿ ಹತ್ತಬೇಡಿ" ಎಂದರು. ದಳವಾಯಿಯ ಆ ನಗುವಿನಲ್ಲಿದ್ದ ನಂಬಿಕೆ ಇವಳ ಎದೆಯ ಮೇಲೆ ತುಂಬಿದ ಕೊಡದಂತೆ ಕೂತಿತು.

ಹಿತ್ತಲಿನ ಆಚೆಗೆ, ಹಿಂದೆ ವಾಹನ ರಿಪೇರಿಯ ಗರಾಜಾಗಿದ್ದ ಉದ್ದನೆಯ ಕೋಣೆಯಲ್ಲಿ ದಳವಾಯಿಯ ಬಿಯರು ತಯಾರಾಗುತ್ತಿತ್ತು. ಸದಾ ಒದ್ದೆಯಾದ ಸಿಮೆಂಟು ನೆಲ, ನಡುವೆ ಚರಂಡಿಯ ಕಬ್ಬಿಣದ ಜಾಲರಿ, ಗೋಡೆಯುದ್ದಕ್ಕೂ ಸುರುಳಿ ಸುತ್ತಿದ ಪೈಪು. ಮೂರು ಉಕ್ಕಿನ ಟ್ಯಾಂಕುಗಳು. ಕುದಿಸುವ ದೊಡ್ಡದಕ್ಕೆ ದೊಡ್ಡಪ್ಪ ಎಂದು ಹೆಸರು. ಬಿಯರು ಹಣ್ಣಾಗಲು ಬಿಡುವ ಎರಡರಲ್ಲಿ ಹೊಸದು ಚಿಕ್ಕಪ್ಪ. ಬೀಗ ಹಾಕಿದ ಯಾವುದೋ ಕಾರ್ಖಾನೆಯಿಂದ ಕೊಂಡುತಂದ, ಮುಚ್ಚಳದ ಅಂಚು ಸ್ವಲ್ಪ ಸೊಟ್ಟಗಿರುವ ಹಳೆಯದು ಸೋದರತ್ತೆ. "ಯಾವಾಗ ಹುಳಿಯಾಗ್ತಾಳೋ ಹೇಳೋಕಾಗಲ್ಲ, ಅದಕ್ಕೇ" ಎಂದು ದಳವಾಯಿ ಹೋದ ರಜೆಯಲ್ಲಿ ಹೆಸರಿನ ಕಾರಣ ಹೇಳಿದ್ದಳು. ಹದಿನಾರು ವರ್ಷ ಸರಕಾರಿ ನೀರು ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡಿ, ಬಿಟ್ಟು, ಇದನ್ನು ಹಿಡಿದವಳು. ಈಗ ಮೊದಲ ಸಲ ಮಾರುವಷ್ಟು ಮಾಡಿದ್ದಾಳೆ. ಒಂದೇ ಕಪ್ಪು ಬಿಯರನ್ನು ಅರ್ಧ ಚಿಕ್ಕಪ್ಪನಿಗೂ ಅರ್ಧ ಸೋದರತ್ತೆಗೂ ತುಂಬಿಸಿ ಹತ್ತು ವಾರ ಕಾದಿದ್ದಾಳೆ. ರಜೆ ಮುಗಿದ ಮರುದಿನ ಲಾರಿ ಬರುತ್ತದೆ. ಕೆಟ್ಟದ್ದೊಂದು ಪೀಪಾಯಿ ಹೊರಗೆ ಹೋದರೂ ಎರಡನೆಯ ಸಲ ಯಾರೂ ಕೊಳ್ಳುವುದಿಲ್ಲ. ಇದನ್ನೆಲ್ಲ ಪತ್ರದಲ್ಲಿ ಬರೆದು, ಕೊನೆಗೆ, "ನಿನ್ನ ನಾಲಿಗೆ ಬಂದು ಸಹಿ ಹಾಕದೆ ಒಂದು ಹನಿಯೂ ಹೊಸ್ತಿಲು ದಾಟಲ್ಲ" ಎಂದಿದ್ದಳು.

ಮೊದಲು ಐದು ಬಾಟಲಿಗಳ ಕೋರ್ಟು. ಅದು ಪ್ರತಿ ರಜೆಯ ಪದ್ಧತಿ. ದಳವಾಯಿ ವರ್ಷವಿಡೀ ಸಣ್ಣಪುಟ್ಟ ತಯಾರಕರ ಬಾಟಲಿಗಳನ್ನು ಕೂಡಿಡುತ್ತಾಳೆ, ಮೇಲಿನ ಚೀಟಿ ಕಾಣದಂತೆ ಕಾಗದ ಸುತ್ತುತ್ತಾಳೆ, ಇವಳು ಹತ್ತಕ್ಕೆ ಇಷ್ಟೆಂದು ಅಂಕ ಕೊಟ್ಟು ಕಾರಣ ಹೇಳಬೇಕು. ಮೊದಲನೆಯದು ಹಳದಿ, ಮೋಡ ಕವಿದಂತೆ ಮಬ್ಬು. ಗೋಧಿಯಿಂದ ಮಾಡಿದ್ದು, ಕಣ್ಣಿಗೇ ಗೊತ್ತಾಗುತ್ತದೆ. ಅವಳು ಲೋಟವನ್ನು ಮೂಗಿನ ಹತ್ತಿರ ಹಿಡಿದಳು. ಮೂಗಿನ ತುದಿಗೆ ನೊರೆಯ ತಂಪು ತಾಗಿತು. ಅದರಾಚೆಗೆ, ವಾಸನೆ ಇರಬೇಕಾದ ಜಾಗದಲ್ಲಿ, ಸುಣ್ಣ ಬಳಿದ ಗೋಡೆ. ಆ ಗೋಡೆಯ ಮುಂದೆ ನಿಂತು ಅವಳು ನೆನಪಿಗೆ ಕೈ ಹಾಕಿದಳು: ಆರು ವರ್ಷದ ಹಿಂದೆ ಇಂಥದೇ ಒಂದು ಗೋಧಿಯದು ಕುಡಿದಾಗ ಏನೆಂದಿದ್ದೆ? "ಕಳಿತ ಬಾಳೆಹಣ್ಣು. ಸಿಪ್ಪೆ ಕಪ್ಪಾಗಿರೋ ಅಂಥದ್ದು. ಹಿಂದೆ ಸ್ವಲ್ಪ ಲವಂಗ" ಎಂದಳು. ದಳವಾಯಿ ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ, "ಲವಂಗ... ಹೌದು ಕಣೇ, ಲವಂಗ!" ಎಂದು ಬರೆದುಕೊಂಡಳು. ಎರಡನೆಯದು ಹುಳಿ. ಹುಳಿ ನಾಲಿಗೆಗೇ ಸಿಕ್ಕಿತು, ನಿಜವನ್ನೇ ಹೇಳಿದಳು. ಹೇಳಿದ್ದು ನಿಜವಾದ್ದರಿಂದ ಧ್ವನಿ ಅಗತ್ಯಕ್ಕಿಂತ ಗಟ್ಟಿಯಾಯಿತು. ನಾಲ್ಕನೆಯದಕ್ಕೆ ಬರುವ ಹೊತ್ತಿಗೆ ಇದು ಅಷ್ಟೇನೂ ಕಷ್ಟವಲ್ಲ ಅನ್ನಿಸತೊಡಗಿತು. ಬಣ್ಣ ನೋಡು, ಕಹಿ ಅಳೆ, ಎದುರಿನ ಮುಖ ಓದು, ಉಳಿದದ್ದನ್ನು ಹಳೆಯ ರಜೆಗಳಿಂದ ಕಡ ತಂದು ತುಂಬು. ಒಂದು ಸಲವಂತೂ, "ಇದರಲ್ಲಿ ಒಣಹುಲ್ಲಿನ ಮೆದೆ ಇದೆ, ಮಧ್ಯಾಹ್ನ ಮೂರು ಗಂಟೆಯ ಬಿಸಿಲಿನದು" ಎಂದಾಗ ಅವಳಿಗೇ ಆ ವಾಸನೆ ಬಂದಂತಾಗಿ, ತಡೆಯಲಾರದೆ ಇನ್ನೊಮ್ಮೆ ಲೋಟಕ್ಕೆ ಮೂಗಿಟ್ಟಳು. ಏನೂ ಇರಲಿಲ್ಲ. ದಳವಾಯಿ ಮಾತ್ರ, "ಮೂರು ಗಂಟೆಯೇ ಅಂತ ಹೇಗೆ ಹೇಳ್ತೀಯೇ, ಗಡಿಯಾರ ನುಂಗಿದ್ದೀಯಾ?" ಎಂದು ನಗುತ್ತಿದ್ದಳು.

ಹಾಸ್ಟೆಲಿನಲ್ಲೂ ಅವಳು ಹೀಗೇ ನಕ್ಕಿದ್ದಳು. ಪರೀಕ್ಷೆ ಮುಗಿದು ಎಲ್ಲರೂ ಊರಿಗೆ ಹೋಗಿ, ಉದ್ದನೆಯ ಪಡಸಾಲೆಯಲ್ಲಿ ಇವರಿಬ್ಬರ ಚಪ್ಪಲಿಯ ಸದ್ದು ಮಾತ್ರ ಉಳಿದಿದ್ದ ರಜೆ. ದಳವಾಯಿ ಟವೆಲಿನಲ್ಲಿ ಸುತ್ತಿದ ಒಂದು ಬಾಟಲಿ ತಂದಿದ್ದಳು. ಹಲ್ಲುಜ್ಜುವ ಮಗ್ಗಿನಲ್ಲಿ ಸುರಿದು ಮೊದಲು ತಾನೇ ಕುಡಿದು, "ಥೂ, ಕಹಿ! ಇದಕ್ಕಾ ಜನ ಸಾಯೋದು?" ಎಂದು ಮುಖ ಕಿವುಚಿದ್ದಳು. ಆಮೇಲೆ ಇವಳು ಕುಡಿದಳು. ಬೆಚ್ಚಗಿತ್ತು, ಪೇಸ್ಟಿನ ಪುದೀನವೂ ಸೇರಿತ್ತು. ಆದರೆ ಅದರ ಹಿಂದೆ, ದೂರದ ಬೀದಿಯಿಂದ ಯಾರೋ ಕರೆದಂತೆ, ಒಂದು ವಾಸನೆ ಬಂತು. "ನಮ್ಮ ಬೇಕರಿ ಹಿಂದಿನ ಓಣಿ ಕಣೇ. ಬೆಳಿಗ್ಗೆ ತಟ್ಟೆ ಕೆರೆದು ಹೊರಗೆ ಹಾಕ್ತಾರಲ್ಲ, ಬ್ರೆಡ್ಡಿನ ಸುಟ್ಟ ಅಂಚು" ಎಂದಳು. ದಳವಾಯಿ ಮಗ್ಗು ಕಸಿದುಕೊಂಡು ಮತ್ತೆ ಕುಡಿದಳು. ಅವಳ ಕಣ್ಣು ನಿಧಾನವಾಗಿ ಅಗಲವಾದದ್ದು ಇವಳಿಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಹತ್ತೊಂಬತ್ತು ವರ್ಷದ ತನಕ ಯಾರ ಮುಖದಲ್ಲೂ ತಾನು ಅಂಥ ಬದಲಾವಣೆ ತಂದಿರಲಿಲ್ಲ. ಮನೆಯಲ್ಲಿ ಅಕ್ಕ ಚೆಲುವೆ, ಅಣ್ಣ ಜಾಣ, ತಾನು ಮೂಲೆಯಲ್ಲಿ ಕೂತು ಎಲ್ಲರನ್ನೂ ನೋಡುವವಳು. ಆ ಮಗ್ಗಿನ ನಂತರ ತಾನೂ ಏನೋ ಒಂದಾದಳು.

"ಈಗ ನಿಜವಾದ ವಿಚಾರಣೆ" ಎಂದು ದಳವಾಯಿ ಎದ್ದು ಹೋಗಿ, ಮೂರು ಲೋಟ ಕಪ್ಪು ಬಿಯರು ತಂದು ಸಾಲಾಗಿ ಇಟ್ಟಳು. ಮೂರರಲ್ಲಿ ಎರಡು ಒಂದೇ ಟ್ಯಾಂಕಿನವು, ಒಂದು ಬೇರೆಯದು. ಆ ಬೇರೆಯದು ಯಾವುದೆಂದು ಹೇಳಬೇಕು. ಹೇಳಲಾಗದಿದ್ದರೆ ಎರಡು ಟ್ಯಾಂಕಿನ ಬಿಯರೂ ಒಂದೇ ಎಂದು ಅರ್ಥ, ಸೋದರತ್ತೆ ಪಾಸಾದಂತೆ. ಕಾಲೇಜಿನ ಲ್ಯಾಬಿನಲ್ಲಿ ಬಿಳಿ ಕೋಟಿನ ಮೇಷ್ಟ್ರು ಸಕ್ಕರೆ ನೀರಿನಲ್ಲಿ ಕಲಿಸಿದ್ದ ಪರೀಕ್ಷೆ ಇದು. ಸುರಿದವರು ಬೆನ್ನು ತಿರುಗಿಸಿ ಕೂರಬೇಕು, ಸುರಿದವರ ಮುಖ ನಾಲ್ಕನೇ ಲೋಟ ಇದ್ದ ಹಾಗೆ ಎಂದು ಅವರು ದಿನಕ್ಕೆ ಹತ್ತು ಸಲ ಅನ್ನುತ್ತಿದ್ದರು. ಇಷ್ಟು ವರ್ಷ ದಳವಾಯಿ ಗೋಡೆಯ ಕಡೆ ತಿರುಗಿಯೇ ಕೂತಿದ್ದಳು. ಇವತ್ತು ತಿರುಗಲಿಲ್ಲ. "ಇವತ್ತು ಬೆನ್ನು ಹಾಕಿ ಕೂರೋ ಧೈರ್ಯ ಇಲ್ಲ ಕಣೇ. ನಿನ್ನ ಮುಖ ನೋಡ್ತಾ ಇರ್ತೀನಿ. ಹತ್ತು ವಾರದಿಂದ ನಿದ್ದೆ ಇಲ್ಲ" ಎಂದು ಎದುರಿಗೇ, ಎರಡು ಕೈಯನ್ನೂ ತೊಡೆಯ ಸಂದಿಯಲ್ಲಿ ಸಿಕ್ಕಿಸಿಕೊಂಡು ಕೂತಳು.

ಮೊದಲ ಲೋಟ. ತಣ್ಣಗೆ, ಕಹಿ, ಕೊನೆಯಲ್ಲಿ ಒಂದಿಷ್ಟು ಸಿಹಿ. ನಡುವಿನದು. ತಣ್ಣಗೆ, ಕಹಿ, ಕೊನೆಯಲ್ಲಿ ಒಂದಿಷ್ಟು ಸಿಹಿ. ಮೂರನೆಯದು. ಅವಳು ನೀರು ಕುಡಿದು, ಮತ್ತೆ ಮೊದಲಿನಿಂದ ಹೊರಟಳು. ಗೊತ್ತಾಗುತ್ತಿಲ್ಲ ಎಂದುಬಿಡಬಹುದಿತ್ತು. ಆ ಉತ್ತರಕ್ಕೂ ಈ ಪರೀಕ್ಷೆಯಲ್ಲಿ ಮಾನವಿತ್ತು. ಆದರೆ ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಹಾಗೆ ಹೇಳಿರಲಿಲ್ಲ. ಇವತ್ತು ಹಾಗೆಂದರೆ ದಳವಾಯಿ ಅಚ್ಚರಿಪಡುತ್ತಾಳೆ, ಹಾಲಿನ ಪಾತ್ರೆ ನೆನಪಾಗುತ್ತದೆ, ಲವಂಗದ ಮೇಲೆ ಅನುಮಾನ ಬರುತ್ತದೆ. ಹಾಗೆ ಯೋಚಿಸುತ್ತಲೇ, ಏಳು ತಿಂಗಳ ಅಭ್ಯಾಸಬಲದಿಂದ, ಅವಳು ಲೋಟದ ಅಂಚಿನ ಮೇಲಿಂದ ಎದುರಿನ ಮುಖವನ್ನು ನೋಡಿದಳು. ಮೊದಲ ಲೋಟ ಎತ್ತಿದಾಗ ದಳವಾಯಿಯ ಕಣ್ಣು ಇವಳ ಬಾಯಿಯ ಮೇಲಿತ್ತು. ನಡುವಿನ ಲೋಟಕ್ಕೆ ಕೈ ಹೋದಾಗ ಆ ಕಣ್ಣು ಒಂದೇ ಒಂದು ಕ್ಷಣ ಕೆಳಗಿಳಿದು, ಲೋಟವನ್ನು ಮುಟ್ಟಿ, ಹೊಡೆತಕ್ಕೆ ಕಾದ ಮಗುವಿನ ಕಣ್ಣಿನಂತೆ ಅರ್ಧ ಮುಚ್ಚಿತು. ಅವಳು ಅದನ್ನು ಕಂಡಳು. ಕಂಡದ್ದು ನಾಲಿಗೆಯ ಮೇಲಿನ ರುಚಿಯಷ್ಟೇ ಖಚಿತವಾಗಿತ್ತು. "ನಡುವಿನದು ಬೇರೆ" ಎಂದಳು. ಸುಮ್ಮನಿರಲಾರದೆ ಸೇರಿಸಿದಳು: "ಇದರಲ್ಲಿ ಸ್ವಲ್ಪ... ಒದ್ದೆ ರಟ್ಟು. ಮಳೆಯಲ್ಲಿ ನೆಂದ ಪೆಟ್ಟಿಗೆ ಇದ್ದ ಹಾಗೆ."

ದಳವಾಯಿ ನಡುವಿನ ಲೋಟವನ್ನು ತೆಗೆದುಕೊಂಡು ಒಂದು ಗುಟುಕು ಕುಡಿದಳು, ಬಾಯಲ್ಲಿ ಹಿಡಿದಳು, ನುಂಗಿದಳು. "ರಟ್ಟು" ಎಂದಳು. ಇನ್ನೊಂದು ಗುಟುಕು. "ಹೌದು. ಇದೆ. ಒದ್ದೆ ರಟ್ಟು ಇದೆ." ಆಮೇಲೆ ನಗಲು ನೋಡಿದಳು. "ಸೋದರತ್ತೆ ಕೈ ಕೊಟ್ಟಳು ಕಣೇ. ಮುಚ್ಚಳದ ಹತ್ತಿರ ಗಾಳಿ ಹೋಗಿದೆ. ನನಗೆ ಮೊದಲಿಂದ್ಲೂ ಭಯ ಇತ್ತು, ನನ್ನ ಭಯ ಅಂತ ಸುಮ್ಮನಿದ್ದೆ." ಇವಳು ಬಾಯಿ ತೆರೆದಳು. "ಸ್ವಲ್ಪವೇ ಇರೋದು, ಎಲ್ಲರಿಗೂ ಗೊತ್ತಾಗಲ್ಲ" ಎಂದಳು. "ನಿನಗೆ ಗೊತ್ತಾಯ್ತಲ್ಲ, ಅಷ್ಟು ಸಾಕು" ಎಂದು ದಳವಾಯಿ ಎದ್ದಳು. ಬೂಟುಗಾಲು ಎಳೆದುಕೊಂಡು ಕೋಣೆಯ ಆ ತುದಿಯಲ್ಲಿದ್ದ ಸೋದರತ್ತೆಯ ಬಳಿಗೆ ಹೋದಳು. ಬೆನ್ನು ಮಾತ್ರ ಕಾಣುತ್ತಿತ್ತು. ನಾಲ್ಕು ಹೆಜ್ಜೆ ಮುಂದೆ ನಡೆಯುವವಳ ಬೆನ್ನನ್ನು ಇವಳು ಇಷ್ಟು ವರ್ಷ ನೋಡಿದ್ದಳು, ಅದು ಹೀಗೆ ಕುಗ್ಗಿದ್ದನ್ನು ನೋಡಿರಲಿಲ್ಲ.

ನಲ್ಲಿ ತಿರುಗುವ ಕಿರ್ ಎಂಬ ಸದ್ದು. ಆಮೇಲೆ ನೆಲಕ್ಕೆ ಬೀಳುವ ಸದ್ದು, ಬರಬರುತ್ತ ದಪ್ಪವಾಯಿತು. ಕಪ್ಪು ಬಿಯರು ಜಾಲರಿಯ ಕಡೆಗೆ ನಡೆಯತೊಡಗಿತು. ಅದರ ಮೇಲೆ ಕಂದು ನೊರೆ. ಅವಳು ಕುರ್ಚಿಯಲ್ಲೇ ಕೂತಿದ್ದಳು. ಅವಳಿಗೆ ಮೊದಲು ಹೊಳೆದದ್ದು, ಈಗ ಸುಮ್ಮನಿದ್ದರೆ ಯಾರಿಗೂ ಎಂದೂ ಗೊತ್ತಾಗುವುದಿಲ್ಲ ಎಂಬುದು. ನಿಜವಾಗಿಯೂ ಬಿಯರು ಕೆಟ್ಟಿರಬಹುದು ಎಂಬುದು ಎರಡನೆಯದು. ಮೂರನೆಯದಾಗಿ ತಾನು ಮಾಡಿದ್ದೇನು ಎಂಬುದು ಹೊಳೆಯಿತು: ದಳವಾಯಿಯ ಭಯವನ್ನು ಅವಳ ಮುಖದಿಂದಲೇ ಎತ್ತಿಕೊಂಡು, ಅದಕ್ಕೆ ರಟ್ಟೆಂದು ಹೆಸರಿಟ್ಟು, ತೀರ್ಪೆಂದು ಅವಳಿಗೇ ವಾಪಸು ಕೊಟ್ಟಿದ್ದೆ. ಅವಳು ಅದನ್ನು ಕುಡಿದು, ರಟ್ಟಿನ ರುಚಿ ಕಂಡು, ಈಗ ಹತ್ತು ವಾರವನ್ನು ಚರಂಡಿಗೆ ಬಿಡುತ್ತಿದ್ದಾಳೆ. ನೊರೆ ಇವಳ ಚಪ್ಪಲಿಯ ತುದಿಗೆ ಬಂದು ತಾಗಿತು. ತಣ್ಣಗಿತ್ತು.

"ನಿಲ್ಲಿಸು" ಎಂದಳು. ಸದ್ದಿನಲ್ಲಿ ಕೇಳಿಸಲಿಲ್ಲ. ಓಡಿದಳು, ಒದ್ದೆ ನೆಲದಲ್ಲಿ ಜಾರಿ ಒಂದು ಮೊಣಕಾಲು ಊರಿ ಎದ್ದು, ದಳವಾಯಿಯ ಕೈಯ ಮೇಲೆ ಕೈಯಿಟ್ಟು ತಾನೇ ನಲ್ಲಿ ತಿರುಗಿಸಿದಳು. ತಪ್ಪು ದಿಕ್ಕಿಗೆ ತಿರುಗಿ ಇನ್ನಷ್ಟು ಚಿಮ್ಮಿ ಇಬ್ಬರ ಬಟ್ಟೆಯೂ ನೆನೆಯಿತು. "ಏನಾಯ್ತೇ ನಿನಗೆ?" "ನನಗೆ ವಾಸನೆ ಬರಲ್ಲ." "ಅಂದ್ರೆ?" "ಬರಲ್ಲ. ಏಳು ತಿಂಗಳಾಯ್ತು. ಏನೂ ಬರಲ್ಲ. ರಟ್ಟೂ ಇಲ್ಲ, ಲವಂಗಾನೂ ಇಲ್ಲ. ನಿನ್ನ ಮುಖ ನೋಡಿ ಹೇಳಿದೆ."

ದಳವಾಯಿ ನಲ್ಲಿ ಮುಚ್ಚಿದಳು. ಕೊನೆಯ ಹನಿಗಳು ಒಂದೊಂದಾಗಿ ಬಿದ್ದವು. "ಆಫೀಸಲ್ಲಿ?" "ಯಾರಿಗೂ ಗೊತ್ತಿಲ್ಲ." "ನಿನ್ನ ಗಂಡನಿಗೆ?" ಅವಳು ಇಲ್ಲವೆಂದು ತಲೆಯಾಡಿಸಿದಳು. ಬಯ್ಯಲಿ ಎಂದು ಕಾದಳು. ಕಪಾಳಕ್ಕೆ ಹೊಡೆದಿದ್ದರೂ ಹಗುರಾಗುತ್ತಿತ್ತು. ದಳವಾಯಿ ಕೇಳಿದ್ದು ಬೇರೆ. "ಹೋದ ರಜೆಯಲ್ಲಿ ನೀನು ಹೇಳಿದ್ದು? ಅದಕ್ಕೂ ಹಿಂದಿನದು?" "ಅದೆಲ್ಲ ನಿಜ ಕಣೇ. ಆಣೆ ಮಾಡಿ ಹೇಳ್ತೀನಿ." "ಹೂಂ" ಎಂದಳು ದಳವಾಯಿ. ಆ ಹೂಂ ಅಪರಿಚಿತರಿಗೆ ಹೇಳುವ ಹೂಂ ಆಗಿತ್ತು. ಇಪ್ಪತ್ತೆರಡು ರಜೆಗಳೂ ಒಂದರ ಹಿಂದೊಂದು, ಹಲ್ಲುಜ್ಜುವ ಮಗ್ಗಿನವರೆಗೆ, ಸಾಲಾಗಿ ತನಗೆ ಬೆನ್ನು ತಿರುಗಿಸಿ ನಿಂತಂತೆ ಅವಳಿಗೆ ಅನ್ನಿಸಿತು. ಅವನ್ನು ಮತ್ತೆ ಈ ಕಡೆ ತಿರುಗಿಸಲು ತನ್ನ ಹತ್ತಿರ ಸಾಕ್ಷಿ ಏನೂ ಇಲ್ಲ.

"ನಾನೊಂದು ಹೇಳಲಾ?" ದಳವಾಯಿ ಟ್ಯಾಂಕಿಗೆ ಒರಗಿ, ಒದ್ದೆ ನೆಲದ ಮೇಲೇ ಕುಸಿದು ಕೂತಳು. "ನನಗೆ ಯಾವತ್ತೂ ಯಾವ ರುಚಿಯೂ ಸಿಕ್ಕಿಲ್ಲ ಕಣೇ. ಕಹಿ ಅಂತ ಗೊತ್ತಾಗುತ್ತೆ, ಚೆನ್ನಾಗಿದೆ ಅಂತ ಗೊತ್ತಾಗುತ್ತೆ. ಉಳಿದದ್ದೆಲ್ಲ ನೀನು ಹೇಳಿದ ಮೇಲೆ ಬರ್ತಿತ್ತು. ಈಗ ರಟ್ಟು ಬಂತು ನೋಡು, ಹಾಗೆ. ನೀನು ಸೋಪು ಅಂದಿದ್ರೆ ಸೋಪು ಬರ್ತಿತ್ತು." ಅವಳು ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ. ಇವಳೂ ಪಕ್ಕದಲ್ಲಿ ಕೂತಳು. ಸೀರೆ ಹಿಂಬದಿಯಿಂದ ಪೂರ್ತಿ ನೆನೆಯಿತು. "ಎಷ್ಟು ಹೋಯ್ತು?" "ಕಾಲು ಭಾಗ ಹೋಗಿರಬಹುದು." "ಉಳಿದದ್ದು ಚೆನ್ನಾಗಿದೆಯಾ?" ದಳವಾಯಿ ತಿರುಗಿ ಇವಳನ್ನು ನೋಡಿದಳು. "ನನ್ನ ಕೇಳ್ತೀಯಲ್ಲೇ!" ಆಮೇಲೆ ನಲ್ಲಿಯ ಬಾಯಲ್ಲಿ ನಿಂತಿದ್ದ ಹನಿಯನ್ನು ಬೆರಳಿಗೆ ತೆಗೆದು ನಾಲಿಗೆಗೆ ಹಚ್ಚಿಕೊಂಡು, ಇವಳ ಮುಖದ ಕಡೆ ನೋಡಬಾರದೆಂದು ಕಣ್ಣು ಬಿಗಿಯಾಗಿ ಮುಚ್ಚಿ, ಬಹಳ ಹೊತ್ತು ಕೂತಳು. "ಚೆನ್ನಾಗಿದೆ ಅನ್ನಿಸುತ್ತೆ. ಸರಿಯಾಗಿ ಹೇಳೋಕೆ ಬರಲ್ಲ. ನಾಳೆ ಬೆಳಿಗ್ಗೆ ಬರಿ ಹೊಟ್ಟೇಲಿ ಇನ್ನೊಂದ್ಸಲ ನೋಡ್ತೀನಿ. ನಾನೇ."

ಗರಾಜಿನ ಮೇಲಿನ ಕಿಟಕಿಯಿಂದ ಸಂಜೆಯ ಬೆಳಕು ನೆಲದ ನೊರೆಯ ಮೇಲೆ ಬಿದ್ದಿತ್ತು. ಗುಳ್ಳೆಗಳು ಒಡೆಯುತ್ತಿದ್ದವು. ಇಷ್ಟೊಂದು ಚೆಲ್ಲಿರುವಾಗ ಈ ಕೋಣೆಯಲ್ಲಿ ಉಸಿರು ಕಟ್ಟುವಷ್ಟು ವಾಸನೆ ತುಂಬಿರಬೇಕು ಎಂದುಕೊಂಡು ಅವಳು ಒಂದು ದೀರ್ಘ ಉಸಿರೆಳೆದಳು. ಗಾಳಿ ಬಂತು, ಹೋಯಿತು. "ಈಗ ಇಲ್ಲಿ ಹೇಗೆ ವಾಸನೆ ಬರ್ತಿದೆ?" ಎಂದು ಕೇಳಿದಳು. "ಬಿಯರ್ ವಾಸನೆ, ಇನ್ನೇನು?" "ಅದಲ್ಲ." ದಳವಾಯಿ ಮೂಗೆತ್ತಿ ಒಮ್ಮೆ, ಮತ್ತೊಮ್ಮೆ ಎಳೆದುಕೊಂಡಳು. ಹುಬ್ಬು ಗಂಟಿಕ್ಕಿತು. "ಹಾಸ್ಟೆಲಲ್ಲಿ ನೀನು ಊರಿಂದ ಬಂದ ದಿನ ಟ್ರಂಕು ತೆಗೀತಿದ್ದೆಯಲ್ಲ, ಆಗ ನಮ್ಮ ರೂಮು ತುಂಬ ಒಂಥರಾ ಬರ್ತಿತ್ತು. ನಿನಗೆ ಗೊತ್ತಾಗ್ತಿರಲಿಲ್ಲ, ನಿನ್ನದೇ ಅಲ್ವಾ. ಆ ದಿನ ಮಾತ್ರ ನಾನು ಬೇಗ ಮಲಗ್ತಿರಲಿಲ್ಲ. ಹಾಗಿದೆ."

ಅವಳಿಗೆ ಗೊತ್ತಿರಲಿಲ್ಲ. ಎಲ್ಲರನ್ನೂ ಗಮನಿಸುತ್ತ ಕೂತವಳನ್ನು ಕತ್ತಲಲ್ಲಿ, ಪಕ್ಕದ ಮಂಚದಿಂದ, ಒಬ್ಬಳು ಹೀಗೂ ಬಲ್ಲಳೆಂದು ಅವಳು ಯೋಚಿಸಿಯೇ ಇರಲಿಲ್ಲ.

"ಒಂಥರಾ ಅಂದ್ರೆ?"

"ಅದೇ ನನಗೆ ಹೇಳೋಕೆ ಬರಲ್ಲ ಕಣೇ."

"ಹೇಗಾದ್ರೂ ಹೇಳು" ಎಂದಳು ಅವಳು. "ತಪ್ಪಾದರೂ ಪರವಾಗಿಲ್ಲ, ಹೇಳು."